ಹೊಸ ಹೃದಯ ಬರುವವರೆಗೆ: ಹೃದಯ ಪಂಪಿನ ಸೋಂಕನ್ನು ನಿಭಾಯಿಸುವ ಬಗೆ

ಹೃದಯದ ಎಡ ಕುಹರ ರಕ್ತವನ್ನು ತಳ್ಳುವ ಬಲ ಕಳೆದುಕೊಂಡಾಗ ಆ ಕೆಲಸವನ್ನು ವಹಿಸಿಕೊಳ್ಳಲು ಎದೆಯೊಳಗೆ ಕೂರಿಸುವ ಯಂತ್ರವನ್ನು ವೈದ್ಯರು ಎಲ್‌ವ್ಯಾಡ್ ಎನ್ನುತ್ತಾರೆ; ಮನೆಯವರ ಬಾಯಲ್ಲಿ ಅದು ಬರೀ ‘ಪಂಪು’. ಹೃದಯ ಕಸಿಗಾಗಿ ಹೆಸರು ನೋಂದಾಯಿಸಿ ಕಾಯುವವರಲ್ಲಿ ಕೆಲವರು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಇದರ ಆಸರೆಯಲ್ಲೇ ಬದುಕುತ್ತಾರೆ. ಪಂಪಿಗೆ ವಿದ್ಯುತ್ ಬೇಕು. ಆ ವಿದ್ಯುತ್ತನ್ನು ಒಯ್ಯುವ ಡ್ರೈವ್‌ಲೈನ್ ಎಂಬ ತಂತಿ ಹೊಟ್ಟೆಯ ಚರ್ಮವನ್ನು ತೂರಿಕೊಂಡು ಹೊರಬಂದು, ಸೊಂಟದಲ್ಲಿ ತೂಗುವ ಕಂಟ್ರೋಲರ್ ಮತ್ತು ಬ್ಯಾಟರಿಗಳನ್ನು ಸೇರುತ್ತದೆ. ತಂತಿ ಹೊರಬರುವ ಆ ರಂಧ್ರ ಬೇರೆ ಗಾಯಗಳಂತೆ ಎಂದಿಗೂ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಪಂಪಿನ ಸೋಂಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲಿಯೇ.

2001ರಲ್ಲಿ ಪ್ರಕಟವಾದ ರೀಮ್ಯಾಚ್ ಎಂಬ ಅಧ್ಯಯನದಲ್ಲಿ ಹೃದಯ ವೈಫಲ್ಯದ 129 ರೋಗಿಗಳಿದ್ದರು. ಔಷಧಿಯನ್ನಷ್ಟೇ ಪಡೆದವರಿಗಿಂತ ಪಂಪು ಪಡೆದವರು ಹೆಚ್ಚು ಕಾಲ ಬದುಕಿದರು. ಆದರೆ ಪಂಪು ಪಡೆದವರಲ್ಲಿ ಸಾವಿಗೆ ಅತಿ ದೊಡ್ಡ ಕಾರಣವಾದದ್ದು ನಂಜು, ಅಂದರೆ ಮೈಗೆಲ್ಲ ಹರಡಿದ ಸೋಂಕು. ಅಂದಿನ ದೊಡ್ಡ ಪಂಪುಗಳು ಈಗಿಲ್ಲ. ಅಮೆರಿಕದಲ್ಲಿ 2017ರಲ್ಲಿ ಅನುಮತಿ ಪಡೆದ ಹಾರ್ಟ್‌ಮೇಟ್ 3 ಪಂಪು ಎದೆಗೂಡಿನೊಳಗೇ ಅಡಗುವಷ್ಟು ಸಣ್ಣದು. ಅದರ ಚಕ್ರ ಅಯಸ್ಕಾಂತದ ಬಲದಿಂದ ಎಲ್ಲಿಯೂ ತಾಗದೆ ತೇಲಿಕೊಂಡು ತಿರುಗುವುದರಿಂದ ಪಂಪಿನೊಳಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಬಹಳ ಕಡಿಮೆಯಾಗಿದೆ. ಸೋಂಕಿನ ವಿಷಯದಲ್ಲಿ ಮಾತ್ರ ಅಂಥ ದೊಡ್ಡ ಬದಲಾವಣೆ ಆಗಿಲ್ಲ, ಏಕೆಂದರೆ ಪಂಪು ಎಷ್ಟೇ ಸುಧಾರಿಸಿದರೂ ತಂತಿ ಇನ್ನೂ ಚರ್ಮವನ್ನು ತೂರಿಯೇ ಹೊರಬರಬೇಕಾಗಿದೆ.

ಪಂಪು ಹಾಕಿಸಿಕೊಂಡವರು, ಅವರ ಮನೆಯವರು ಮತ್ತು ಊರಿನ ಸಣ್ಣ ಆಸ್ಪತ್ರೆಗಳಲ್ಲಿ ಅವರನ್ನು ಮೊದಲು ನೋಡಬೇಕಾಗಿ ಬರುವ ವೈದ್ಯರು ಹಾಗೂ ದಾದಿಯರಿಗಾಗಿ ಈ ಲೇಖನ. ಔಷಧಿಯ ಹೆಸರು, ಪ್ರಮಾಣ ಮತ್ತು ಅವಧಿಯನ್ನು ಪಂಪು ಅಳವಡಿಸಿದ ತಂಡವೇ ನಿರ್ಧರಿಸಬೇಕು. ಆ ತಂಡದ ಸೂಚನೆಗೂ ಇಲ್ಲಿನ ಮಾತಿಗೂ ವ್ಯತ್ಯಾಸ ಕಂಡರೆ ತಂಡದ ಮಾತನ್ನೇ ಪಾಲಿಸಿ.

ಸೋಂಕು ಎಷ್ಟು ಆಳದಲ್ಲಿದೆ ಎಂಬುದೇ ಮೊದಲ ಪ್ರಶ್ನೆ

ಹೃದಯ ಮತ್ತು ಶ್ವಾಸಕೋಶ ಕಸಿಯ ಅಂತರರಾಷ್ಟ್ರೀಯ ಸಂಘವು 2011ರಲ್ಲಿ ಪಂಪು ಇರುವವರ ಸೋಂಕುಗಳನ್ನು ಮೂರು ಬಗೆಯಾಗಿ ವಿಂಗಡಿಸಿತು. ಪಂಪು ಇರುವುದರಿಂದಲೇ ಬರುವಂಥವು ಮೊದಲನೆಯ ಬಗೆ: ತಂತಿಯ ದಾರಿಯ ಸೋಂಕು, ಪಂಪು ಕುಳಿತ ಜಾಗದ ಸೋಂಕು ಮತ್ತು ಪಂಪಿನ ಒಳಭಾಗ ಅಥವಾ ಅದರ ಕೊಳವೆಯ ಸೋಂಕು. ಪಂಪು ಇಲ್ಲದವರಿಗೂ ಬರಬಹುದಾದ, ಆದರೆ ಪಂಪು ಇರುವವರಲ್ಲಿ ಬೇರೆಯೇ ಲೆಕ್ಕದಲ್ಲಿ ನೋಡಬೇಕಾದಂಥವು ಎರಡನೆಯವು. ರಕ್ತದ ಸೋಂಕು, ಹೃದಯದ ಒಳಪೊರೆಯ ಸೋಂಕು ಇತ್ಯಾದಿ. ಪಂಪಿಗೆ ಸಂಬಂಧವಿಲ್ಲದ ನ್ಯುಮೋನಿಯಾ, ಮೂತ್ರದ ಸೋಂಕು ಮೊದಲಾದವು ಮೂರನೆಯವು. ತಂತಿಯ ಸೋಂಕಿನಲ್ಲೂ ಚರ್ಮದ ಮಟ್ಟದಲ್ಲೇ ನಿಂತದ್ದು ಬೇರೆ, ಸ್ನಾಯುವಿನ ಪದರದವರೆಗೆ ಇಳಿದದ್ದು ಬೇರೆ. ಮುಂದಿನ ನಿರ್ಧಾರಗಳೆಲ್ಲ ಈ ಆಳವನ್ನು ಅವಲಂಬಿಸಿರುತ್ತವೆ.

ಮನೆಯವರನ್ನು ಬಹಳ ಕಾಡುವ ಪ್ರಶ್ನೆಯೊಂದಿದೆ: ಇಷ್ಟೊಂದು ಆಂಟಿಬಯಾಟಿಕ್ ಕೊಟ್ಟರೂ ಸೋಂಕು ಏಕೆ ಮರಳಿ ಬರುತ್ತದೆ? ಬಳಸದೆ ಬಿಟ್ಟ ಬಾವಿಯ ಮೆಟ್ಟಿಲ ಮೇಲೆ ಪಾಚಿ ಕಟ್ಟುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೇಲೆ ಎಷ್ಟು ನೀರು ಸುರಿದರೂ ಕಲ್ಲಿಗೆ ಅಂಟಿದ ಪದರ ಹಾಗೆಯೇ ಉಳಿಯುತ್ತದೆ. ರೋಗಾಣುಗಳೂ ತಂತಿಯ ಹೊದಿಕೆಯ ಮೇಲೆ, ಲೋಹದ ಮೇಲೆ ಇಂಥದೇ ಲೋಳೆಯ ಪೊರೆ ಕಟ್ಟಿಕೊಂಡು ಕೂರುತ್ತವೆ. ರಕ್ತದಲ್ಲಿ ಹರಿಯುವ ಔಷಧಿ ಹೊರಗಿನ ರೋಗಾಣುಗಳನ್ನು ಕೊಲ್ಲುತ್ತದೆ, ಪೊರೆಯ ಆಳದಲ್ಲಿ ಇರುವವು ಉಳಿದುಕೊಳ್ಳುತ್ತವೆ. ಹೀಗಾಗಿ ಆಳಕ್ಕಿಳಿದ ಸೋಂಕನ್ನು ಪಂಪು ಮೈಯಲ್ಲಿ ಇರುವವರೆಗೆ ಬೇರುಸಹಿತ ಕೀಳುವುದು ಕಷ್ಟ. ಕಸಿಯ ದಿನದವರೆಗೆ ಅದನ್ನು ತಲೆ ಎತ್ತದಂತೆ ಅದುಮಿ ಹಿಡಿಯುವುದೇ ಚಿಕಿತ್ಸೆಯ ಗುರಿಯಾಗುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ ಸೋಂಕು ಮರುಕಳಿಸಿದಾಗ ‘ನಮ್ಮಿಂದ ಏನೋ ತಪ್ಪಾಯಿತು’ ಎಂದು ಮನೆಯವರು ಕೊರಗಬೇಕಾಗುವುದಿಲ್ಲ.

ಡ್ರೆಸ್ಸಿಂಗ್: ಪ್ರತಿಸಲವೂ ಒಂದೇ ಕ್ರಮ

ಎಷ್ಟು ದಿನಕ್ಕೊಮ್ಮೆ ಡ್ರೆಸ್ಸಿಂಗ್ ಬದಲಿಸಬೇಕು ಎಂಬುದು ಕೇಂದ್ರದಿಂದ ಕೇಂದ್ರಕ್ಕೆ ಬೇರೆಯಾಗುತ್ತದೆ. ಕೆಲವರು ದಿನಕ್ಕೊಮ್ಮೆ ಎನ್ನುತ್ತಾರೆ, ಕೆಲವರು ಗಾಯ ಒಣಗಿದ ಮೇಲೆ ವಾರಕ್ಕೊಮ್ಮೆ ಸಾಕೆನ್ನುತ್ತಾರೆ. ಒದ್ದೆಯಾದರೆ, ಕೊಳೆಯಾದರೆ ಅಥವಾ ಅಂಚು ಬಿಟ್ಟುಕೊಂಡರೆ ಮಾತ್ರ ದಿನ ಲೆಕ್ಕಿಸದೆ ಕೂಡಲೇ ಬದಲಿಸಬೇಕು.

ಮೊದಲು ಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಬೇಸಿಗೆಯಲ್ಲಿ ಇದು ಹಿಂಸೆಯೆನಿಸಿದರೂ ಬಿಡಬಾರದು, ಏಕೆಂದರೆ ತಿರುಗುವ ಫ್ಯಾನ್ ಕೋಣೆಯ ದೂಳನ್ನು ತೆರೆದ ರಂಧ್ರದ ಮೇಲೆ ತಂದು ಹಾಕುತ್ತದೆ. ಡ್ರೆಸ್ಸಿಂಗ್ ಮಾಡುವವರೂ ರೋಗಿಯೂ ಮಾಸ್ಕ್ ಧರಿಸಬೇಕು. ಉಂಗುರ, ಬಳೆಗಳನ್ನು ತೆಗೆದಿಟ್ಟು, ಕೈಯನ್ನು ಸೋಪಿನಿಂದ ಮೊಣಕೈಯವರೆಗೆ ತೊಳೆದು, ಶುಭ್ರವಾದ ಸಾಮಾನ್ಯ ಗ್ಲೌಸ್ ಹಾಕಿಕೊಂಡು, ತಂತಿಯನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು ಹಳೆಯ ಡ್ರೆಸ್ಸಿಂಗ್ ಅನ್ನು ನಿಧಾನವಾಗಿ ಬಿಡಿಸಿ. ತೆಗೆದದ್ದನ್ನು ಕೂಡಲೇ ಬುಟ್ಟಿಗೆ ಹಾಕದೆ ಒಮ್ಮೆ ಗಮನಿಸಿ. ಗಾಜ್ ಬಟ್ಟೆಯ ಮೇಲಿನ ಕಲೆ ಎಷ್ಟು ದೊಡ್ಡದಿದೆ, ಯಾವ ಬಣ್ಣದ್ದು, ವಾಸನೆ ಇದೆಯೇ? ನೀರಿನಂಥ ತೆಳು ಕಲೆಗೂ ಹಸಿರು ಛಾಯೆಯ ಗಟ್ಟಿ ಕೀವಿಗೂ ಬಹಳ ವ್ಯತ್ಯಾಸವಿದೆ.

ಬಳಿಕ ಗ್ಲೌಸ್ ಕಳಚಿ, ಮತ್ತೆ ಕೈ ತೊಳೆದು, ಸ್ಟೆರೈಲ್ ಗ್ಲೌಸ್ ಧರಿಸಿ. ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ರಂಧ್ರದ ಅಂಚಿನಿಂದ ಹೊರಮುಖವಾಗಿ ಒರೆಸುತ್ತ ಹೋಗಿ; ಹೊರಗೆ ಹೋದದ್ದನ್ನು ಮತ್ತೆ ಒಳಕ್ಕೆ ತರಬೇಡಿ. ಪ್ರತಿ ಸುತ್ತು ಒರೆಸಲು ಹೊಸ ತುಂಡು ಬಳಸಿ. ದ್ರಾವಣ ತಾನಾಗಿ ಒಣಗುವವರೆಗೆ ಕಾಯಿರಿ; ಊದಬೇಡಿ, ಬೀಸಬೇಡಿ. ಅವಸರದಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ: ಒದ್ದೆಯ ಮೇಲೆಯೇ ಡ್ರೆಸ್ಸಿಂಗ್ ಅಂಟಿಸಿದರೆ ಔಷಧಿಗೆ ಕೆಲಸ ಮಾಡಲು ಸಮಯವೂ ಸಿಗುವುದಿಲ್ಲ, ಚರ್ಮವೂ ನೆನೆದು ಹಣ್ಣಾಗುತ್ತದೆ. ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಕೆಂಪಾಗಿ ತುರಿಸಿದರೆ ತಂಡಕ್ಕೆ ತಿಳಿಸಿ, ಬದಲಿ ದ್ರಾವಣ ಕೇಳಿ. ತಂಡ ಹೇಳದ ಯಾವ ಮುಲಾಮನ್ನೂ ಹಚ್ಚಬೇಡಿ. ಅರಿಸಿನ, ಕೊಬ್ಬರಿ ಎಣ್ಣೆ, ವಿಭೂತಿ ಯಾವುದೂ ಆ ರಂಧ್ರದ ಹತ್ತಿರ ಸುಳಿಯಬಾರದು; ಹಿರಿಯರು ಪ್ರೀತಿಯಿಂದಲೇ ಹೇಳಿದರೂ ವಿನಯದಿಂದ ಬೇಡವೆನ್ನಿ.

ಕೊನೆಗೆ ತಂತಿಯನ್ನು ಹೊಟ್ಟೆಯ ಮೇಲೆ ಅಂಟುವ ಪಟ್ಟಿಯಿಂದ ಭದ್ರಪಡಿಸಬೇಕು. ನನ್ನ ಮಟ್ಟಿಗೆ ಇಡೀ ಕ್ರಮದಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆಯಿಲ್ಲ. ಬಹಳಷ್ಟು ಸೋಂಕುಗಳ ಹಿಂದೆ ಒಂದು ಎಳೆತದ ಕಥೆ ಇರುತ್ತದೆ: ಬ್ಯಾಟರಿಯ ಚೀಲ ಕೈಜಾರಿ ನೆಲಕ್ಕೆ ಬಿತ್ತು, ಬಾಗಿಲ ಚಿಲಕಕ್ಕೆ ತಂತಿ ಸಿಕ್ಕಿಕೊಂಡಿತು, ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ಕಂಟ್ರೋಲರ್ ಮೈಕೆಳಗೆ ಸಿಕ್ಕಿತು. ತಂತಿಗೂ ಚರ್ಮಕ್ಕೂ ಬೆಸೆದಿದ್ದ ಎಳೆಯ ಅಂಗಾಂಶ ಆ ಎಳೆತಕ್ಕೆ ಹರಿದು, ರೋಗಾಣುಗಳಿಗೆ ದಾರಿಯಾಗುತ್ತದೆ. ನಮ್ಮ ಉಡುಪಿನಲ್ಲೂ ಎಚ್ಚರ ಬೇಕು. ಉಡುದಾರ, ಲಂಗದ ಲಾಡಿ, ಪಂಚೆಯ ಬಿಗಿ ಕಟ್ಟು, ಬೆಲ್ಟು ಇವು ರಂಧ್ರದ ಮಟ್ಟದಲ್ಲೇ ಒತ್ತುತ್ತವೆ. ಉಡುದಾರವನ್ನು ತೆಗೆದಿಡಿ, ಲಾಡಿಯನ್ನು ತಂತಿಗಿಂತ ಸಾಕಷ್ಟು ಮೇಲೆ ಅಥವಾ ಕೆಳಗೆ ಕಟ್ಟಿ. ಶಸ್ತ್ರಚಿಕಿತ್ಸೆಗೆ ಮೊದಲೇ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಅವರು ದಿನವೂ ಉಡುವ ಬಟ್ಟೆಯಲ್ಲೇ ನೋಡಿ ತಂತಿ ಹೊರಬರುವ ಜಾಗವನ್ನು ಗುರುತಿಸುವುದು ಒಳ್ಳೆಯ ಪದ್ಧತಿ. ಅದನ್ನು ಕೇಳಲು ಸಂಕೋಚಪಡಬೇಡಿ.

ನೀರು ಇನ್ನೊಂದು ಅಪಾಯ. ತಂಡ ಅನುಮತಿ ಕೊಟ್ಟ ಮೇಲೆ, ಉಪಕರಣಕ್ಕೆ ನೀರು ತಾಗದ ಚೀಲ ಹಾಕಿಕೊಂಡು ಶವರ್ ಸ್ನಾನ ಮಾಡಬಹುದು. ಕೆರೆ, ಹೊಳೆ, ಸಮುದ್ರ, ಈಜುಕೊಳಗಳಲ್ಲಿ ಮುಳುಗುವಂತಿಲ್ಲ. ಪುಣ್ಯಸ್ನಾನಕ್ಕೂ ಈ ಮಾತು ಅನ್ವಯಿಸುತ್ತದೆ. ಕರಾವಳಿಯವರಿಗೆ ಇನ್ನೊಂದು ಮಾತು: ಮಳೆಗಾಲದ ಕೆಸರು ಮಣ್ಣಿನಲ್ಲಿ ಮೆಲಿಯಾಯ್ಡೋಸಿಸ್ ಎಂಬ ರೋಗದ ಬ್ಯಾಕ್ಟೀರಿಯಾ ಇರುತ್ತದೆ. ಉಡುಪಿ, ದಕ್ಷಿಣ ಕನ್ನಡದ ಕಡೆ, ಅದರಲ್ಲೂ ಮಧುಮೇಹಿಗಳಲ್ಲಿ, ಈ ರೋಗ ಪ್ರತಿ ಮಳೆಗಾಲ ಕಾಣಿಸಿಕೊಳ್ಳುತ್ತದೆ. ಪಂಪು ಇರುವವರು ಗದ್ದೆಯ ಕೆಸರಿಗೆ ಇಳಿಯದಿರುವುದು ಲೇಸು.

ಮೊದಲ ಲಕ್ಷಣ ಕಂಡ ದಿನ ಮಾಡಬೇಕಾದದ್ದು

ರಂಧ್ರದ ಸುತ್ತ ಹೊಸದಾಗಿ ಕಂಡ ಕೆಂಪು, ಬಿಸಿ, ಮುಟ್ಟಿದರೆ ನೋವು, ಹಿಂದೆ ಇಲ್ಲದ ಸ್ರಾವ, ದುರ್ವಾಸನೆ, ತಂತಿಯ ಉದ್ದಕ್ಕೂ ಒಳಗೆ ಗಟ್ಟಿಯಾದಂಥ ಬಾವು ಇವುಗಳಲ್ಲಿ ಒಂದೇ ಕಂಡರೂ ಅದೇ ದಿನ ತಂಡಕ್ಕೆ ಫೋನ್ ಮಾಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ ಮತ್ತು ಚಳಿ ನಡುಕಕ್ಕೂ ಇದೇ ನಿಯಮ. ಆದರೆ ಜ್ವರಕ್ಕಾಗಿ ಕಾಯಬಾರದು. ದೀರ್ಘಕಾಲ ಹೃದಯ ವೈಫಲ್ಯದಿಂದ ಬಳಲಿದವರಲ್ಲಿ, ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಊಟ ಸೇರದಿರುವುದು, ವಿಪರೀತ ಸುಸ್ತು, ಮಂಕು ಇಷ್ಟೇ ಸೋಂಕಿನ ಲಕ್ಷಣವಾಗಿರಬಹುದು. ರಕ್ತ ಹೆಪ್ಪುಗಟ್ಟಲು ಎಷ್ಟು ಸಮಯ ಹಿಡಿಯುತ್ತದೆ ಎಂಬುದನ್ನು ತೋರಿಸುವ ಐಎನ್‌ಆರ್ ಎಂಬ ಅಂಕಿ ಕಾರಣವಿಲ್ಲದೆ ಏರುಪೇರಾದರೂ ಅನುಮಾನಿಸಿ. ಕಂಟ್ರೋಲರ್‌ನ ಪರದೆಯಲ್ಲಿ ಕಾಣುವ ವೇಗ, ಹರಿವು ಮತ್ತು ವಿದ್ಯುತ್ ಬಳಕೆಯ ಅಂಕಿಗಳನ್ನು ಪ್ರತಿದಿನ ಬರೆದಿಟ್ಟಿದ್ದರೆ ಆ ದಿನದ ವ್ಯತ್ಯಾಸ ಕೂಡಲೇ ಎದ್ದು ಕಾಣುತ್ತದೆ.

ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆದು ಕಳಿಸಿ. ‘ಸ್ವಲ್ಪ ಕೆಂಪಾಗಿದೆ’ ಎಂಬ ಮಾತಿಗಿಂತ ನಿನ್ನೆಯ ಮತ್ತು ಇಂದಿನ ಎರಡು ಫೋಟೋಗಳು ವೈದ್ಯರಿಗೆ ಹೆಚ್ಚು ಹೇಳುತ್ತವೆ.

ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಪರೀಕ್ಷೆಗೆ ರಕ್ತ ಮತ್ತು ಸ್ರಾವದ ಮಾದರಿ ತೆಗೆಯುವ ಮೊದಲು ಆಂಟಿಬಯಾಟಿಕ್ ನುಂಗಬೇಡಿ. ಮನೆಯಲ್ಲಿ ಉಳಿದಿದ್ದ ಮಾತ್ರೆ, ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆ, ಯಾವುದೂ ಬೇಡ. ಎರಡೇ ಮಾತ್ರೆ ನುಂಗಿದರೂ, ಮಾದರಿಯಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಯಲ್ಲಿ ಅದು ಬೆಳೆಯದೆ ಹೋಗಬಹುದು. ಆದರೆ ಪೊರೆಯೊಳಗೆ ಅದು ಜೀವಂತವಾಗಿಯೇ ಇರುತ್ತದೆ. ಆಗ ವೈದ್ಯರು ಶತ್ರು ಯಾರೆಂದು ತಿಳಿಯದೆ ತಿಂಗಳುಗಟ್ಟಲೆ ಅಂದಾಜಿನ ಔಷಧಿ ಕೊಡಬೇಕಾಗುತ್ತದೆ, ಅದಕ್ಕೆ ರೋಗಿಯ ಮೂತ್ರಪಿಂಡಗಳು ಬೆಲೆ ತೆರುತ್ತವೆ. ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ ಎನ್ನುವಂಥ ಸ್ಥಿತಿಯಲ್ಲಿ ಮಾತ್ರ ಆಸ್ಪತ್ರೆಯಲ್ಲಿ ರಕ್ತದ ಮಾದರಿ ತೆಗೆದ ಕೂಡಲೇ ಔಷಧಿ ಶುರುಮಾಡಬೇಕು. ಅಲ್ಲಿ ವಿಳಂಬ ಸಲ್ಲದು.

ಹತ್ತಿರದ ಆಸ್ಪತ್ರೆಯ ವೈದ್ಯರಿಗೆ

ಈ ರೋಗಿಯ ಮಣಿಕಟ್ಟಿನಲ್ಲಿ ನಾಡಿ ಸಿಗದಿರಬಹುದು. ಪಂಪು ರಕ್ತವನ್ನು ಎಡೆಬಿಡದೆ ಹರಿಸುವುದರಿಂದ ಮಿಡಿತ ತೀರ ಕ್ಷೀಣವಾಗಿರುತ್ತದೆ, ಸ್ವಯಂಚಾಲಿತ ಬಿ.ಪಿ. ಯಂತ್ರ ಮತ್ತು ಬೆರಳಿಗೆ ಹಾಕುವ ಆಕ್ಸಿಮೀಟರ್ ತಪ್ಪು ಅಂಕಿ ತೋರಿಸಬಹುದು ಅಥವಾ ಏನನ್ನೂ ತೋರಿಸದಿರಬಹುದು. ಬಿ.ಪಿ. ಪಟ್ಟಿ ಮತ್ತು ಡಾಪ್ಲರ್ (ರಕ್ತದ ಹರಿವಿನ ಸದ್ದು ಕೇಳಿಸುವ ಸಾಧನ) ಬಳಸಿ ಒತ್ತಡ ನೋಡಿ. ಸಾಮಾನ್ಯವಾಗಿ 70ರಿಂದ 90 ಮಿ.ಮೀ. ನಡುವಿನ ಸರಾಸರಿ ಒತ್ತಡ ಇಂಥವರಿಗೆ ಗುರಿಯಾಗಿರುತ್ತದೆ. ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಪಂಪಿನ ಗುಂಯ್‌ಗುಡುವ ಸದ್ದು ಕೇಳಬೇಕು. ಎಂಆರ್‌ಐ ಯಂತ್ರದ ಕೋಣೆಗೆ ಇವರನ್ನು ಯಾವ ಕಾರಣಕ್ಕೂ ಒಯ್ಯಬಾರದು. ಪಂಪು ಹಾಕಿದ ತಂಡಕ್ಕೆ ಮೊದಲ ಗಂಟೆಯಲ್ಲೇ ಕರೆ ಮಾಡಿ.

ರಕ್ತದ ಕಲ್ಚರ್ ಅನ್ನು ಬೇರೆ ಬೇರೆ ಜಾಗಗಳಿಂದ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಸಲ ತೆಗೆಯಬೇಕು. ರಂಧ್ರದ ಮೇಲಿನ ಒಣ ಹಕ್ಕಳೆಯಿಂದಲ್ಲ, ಅದನ್ನು ಸಲೈನ್‌ನಿಂದ ಒರೆಸಿದ ಮೇಲೆ ಒಳಗಿನಿಂದ ಬರುವ ಸ್ರಾವದಿಂದ ಮಾದರಿ ತೆಗೆಯಿರಿ. ಸಾಮಾನ್ಯವಾಗಿ ಸಿಗುವುದು ಚರ್ಮದಲ್ಲೇ ವಾಸಿಸುವ ಸ್ಟ್ಯಾಫಿಲೋಕಾಕಸ್. ನೀರಿನ ನಂಟಿನ ಸ್ಯೂಡೋಮೊನಾಸ್ ಅದರ ನಂತರದ್ದು, ಮತ್ತು ಅದನ್ನು ಓಡಿಸುವುದು ಬಹಳ ಕಷ್ಟ. ಕ್ಯಾಂಡಿಡಾದಂಥ ಶಿಲೀಂಧ್ರ ಅಪರೂಪವಾದರೂ ಪಂಪಿನೊಳಗೆ ಹೊಕ್ಕರೆ ಪ್ರಾಣಾಂತಿಕ.

ಆಳ ತಿಳಿಯಲು ಮೊದಲು ಅಲ್ಟ್ರಾಸೌಂಡ್, ಬಳಿಕ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಲೋಹದ ನೆರಳಿನಿಂದ ಸಿ.ಟಿ. ಚಿತ್ರ ಮಸುಕಾಗುವುದುಂಟು, ಅನುಮಾನ ಉಳಿದರೆ ಪೆಟ್-ಸಿ.ಟಿ. ನೆರವಾಗುತ್ತದೆ. ರಕ್ತದಲ್ಲಿ ರೋಗಾಣು ಸಿಕ್ಕರೆ ಅನ್ನನಾಳದ ಮೂಲಕ ಎಕೋ ಮಾಡಿ ಕವಾಟಗಳನ್ನು ನೋಡಬೇಕು. ಇವರಲ್ಲಿ ಹಲವರಿಗೆ ಪೇಸ್‌ಮೇಕರ್ ಅಥವಾ ಐಸಿಡಿ (ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಯಂತ್ರ) ಕೂಡ ಇರುತ್ತದೆ. ಅದರ ತಂತಿಗಳೂ ಸೋಂಕಿನ ಮನೆಯಾಗಬಹುದು ಎಂಬುದು ಮರೆತುಹೋಗುವ ವಿಷಯ.

ಚಿಕಿತ್ಸೆಯ ದಾರಿ

ಚರ್ಮದ ಮಟ್ಟದ ಸೋಂಕಿಗೆ ಕಲ್ಚರ್ ವರದಿಗೆ ಹೊಂದುವ ಮಾತ್ರೆಗಳನ್ನು ಸುಮಾರು ಎರಡು ವಾರ ಕೊಟ್ಟು, ತಂತಿಯನ್ನು ಅಲುಗದಂತೆ ಕಟ್ಟಿದರೆ ಎಷ್ಟೋ ಸಲ ಸಾಕಾಗುತ್ತದೆ. ಆಳಕ್ಕಿಳಿದಿದ್ದರೆ ರಕ್ತನಾಳದ ಮೂಲಕ ವಾರಗಟ್ಟಲೆ ಔಷಧಿ ಬೇಕು. ಕೀವು ತುಂಬಿದ ಜಾಗವನ್ನು ಶಸ್ತ್ರಚಿಕಿತ್ಸಕರು ತೆರೆದು, ಕೊಳೆತ ಅಂಗಾಂಶವನ್ನು ಕೆರೆದು ತೆಗೆಯಬೇಕು. ಕೆಲವೊಮ್ಮೆ ತಂತಿಯನ್ನು ಸೋಂಕಿಲ್ಲದ ಬೇರೆ ದಾರಿಯಲ್ಲಿ ಹೊರತರುತ್ತಾರೆ. ಹೊಟ್ಟೆಯೊಳಗಿನ ಕೊಬ್ಬಿನ ಪರದೆಯನ್ನು ಎಳೆದು ಪಂಪಿನ ಸುತ್ತ ಹೊದಿಸುವುದೂ ಉಂಟು, ಏಕೆಂದರೆ ಅದರಲ್ಲಿ ರಕ್ತಸಂಚಾರ ಹೇರಳವಾಗಿದ್ದು ಔಷಧಿಯೂ ರಕ್ಷಕ ಕಣಗಳೂ ಅಲ್ಲಿಗೆ ಚೆನ್ನಾಗಿ ತಲುಪುತ್ತವೆ. ಪಂಪನ್ನೇ ಬದಲಿಸುವುದು ಕೊನೆಯ ಉಪಾಯ. ಅದು ದೊಡ್ಡ ಶಸ್ತ್ರಚಿಕಿತ್ಸೆ, ಹೊಸ ಪಂಪಿಗೂ ಹಳೆಯ ಸೋಂಕು ಹತ್ತಬಹುದು.

ತೀವ್ರ ಹಂತ ಮುಗಿದ ಮೇಲೂ ಆಳದ ಸೋಂಕಿನವರಿಗೆ ಕಸಿಯ ದಿನದವರೆಗೆ ಮಾತ್ರೆ ಮುಂದುವರಿಸುವುದು ವಾಡಿಕೆ. ‘ಗಾಯ ಒಣಗಿದೆ, ಇನ್ನೇಕೆ’ ಎಂದು ಅದನ್ನು ನೀವಾಗಿ ನಿಲ್ಲಿಸಬೇಡಿ. ಔಷಧಿ ಕೊಡಲು ತೋಳಿನ ರಕ್ತನಾಳದಲ್ಲಿ ಪಿಕ್‌ಲೈನ್ ಎಂಬ ಉದ್ದನೆಯ ಕೊಳವೆ ಹಾಕಿದ್ದರೆ ಅದೂ ಸೋಂಕಿಗೆ ಇನ್ನೊಂದು ಬಾಗಿಲು. ಕೆಲಸ ಮುಗಿದ ದಿನವೇ ತೆಗೆಸಿ.

ವಾರ್ಫರಿನ್ ಬಗ್ಗೆ ಬಿಡಿಸಿ ಹೇಳಲೇಬೇಕು. ಪಂಪು ಇರುವವರು ರಕ್ತ ಹೆಪ್ಪುಗಟ್ಟದಂತೆ ಅದನ್ನು ನುಂಗುತ್ತಾರೆ, ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಕೋಟ್ರೈಮಾಕ್ಸಜೋಲ್, ಮೆಟ್ರೊನಿಡಜೋಲ್, ಸಿಪ್ರೊಫ್ಲಾಕ್ಸಸಿನ್, ಫ್ಲುಕೊನಜೋಲ್ ಇವು ವಾರ್ಫರಿನ್‌ನ ಪ್ರಭಾವವನ್ನು ಏರಿಸುತ್ತವೆ. ಸ್ಟ್ಯಾಫಿಲೋಕಾಕಸ್‌ನ ಪೊರೆಯನ್ನು ಭೇದಿಸಲೆಂದು ಕೊಡುವ ರಿಫಾಂಪಿಸಿನ್ ಅದನ್ನು ವಿಪರೀತ ಇಳಿಸುತ್ತದೆ. ರಕ್ತದಲ್ಲಿ ಸೋಂಕಿದ್ದಾಗ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಮೊದಲೇ ಹೆಚ್ಚಿರುತ್ತದೆ. ಆದ್ದರಿಂದ ಯಾವುದೇ ಹೊಸ ಆಂಟಿಬಯಾಟಿಕ್ ಶುರುಮಾಡಿದ ಮೂರು ನಾಲ್ಕು ದಿನಗಳಲ್ಲಿ ಐಎನ್‌ಆರ್ ನೋಡಿಸಿ, ನಿಲ್ಲಿಸಿದ ಮೇಲೂ ನೋಡಿಸಿ. ಹಠಾತ್ ತಲೆನೋವು, ಮಾತು ತೊದಲುವುದು, ಕೈಕಾಲಿನ ಬಲ ಕುಗ್ಗುವುದು ಕಂಡರೆ ಒಂದು ನಿಮಿಷವೂ ಕಾಯಬೇಡಿ.

ಸಕ್ಕರೆಯ ಹತೋಟಿ ಮತ್ತು ಸಾಕಷ್ಟು ಪ್ರೋಟೀನ್ ಇಲ್ಲದೆ ಗಾಯ ಮಾಯುವುದಿಲ್ಲ. ಹಲ್ಲಿನ ಚಿಕಿತ್ಸೆಗೆ ಮೊದಲು ತಂಡವನ್ನು ಕೇಳಿ. ಮುಂಜಾಗ್ರತೆಯ ಆಂಟಿಬಯಾಟಿಕ್ ಬೇಕಾಗಬಹುದು.

ಕಸಿಯ ಪಟ್ಟಿಯಲ್ಲಿ ಸೋಂಕಿನ ಸ್ಥಾನ

‘ಸೋಂಕು ಬಂದಿದೆ, ಇನ್ನು ಕಸಿ ಆಗುವುದಿಲ್ಲ’ ಎಂಬ ಭಯದಿಂದ ಕೆಲವರು ಸ್ರಾವವನ್ನು ಮುಚ್ಚಿಡುತ್ತಾರೆ. ಈ ಭಯಕ್ಕೆ ಆಧಾರವಿಲ್ಲ. ತಂತಿಯಲ್ಲಿ, ಪಂಪಿನಲ್ಲಿ ಕುಳಿತ ಸೋಂಕಿಗೆ ಪೂರ್ಣ ಪರಿಹಾರ ಸಿಗುವುದೇ ಪಂಪು ಹೊರಬಂದು ಹೊಸ ಹೃದಯ ಕೂತಾಗ. ಅಮೆರಿಕದಲ್ಲಿ ಅಕ್ಟೋಬರ್ 2018ರಿಂದ ಜಾರಿಯಲ್ಲಿರುವ ಹೃದಯ ಹಂಚಿಕೆಯ ಆರು ಹಂತಗಳ ಪದ್ಧತಿಯಲ್ಲಿ (ಮೊದಲ ಹಂತಕ್ಕೆ ಅತಿ ಹೆಚ್ಚು ಆದ್ಯತೆ), ತೊಂದರೆಯಿಲ್ಲದೆ ಪಂಪಿನ ಮೇಲಿರುವವರು ಸಾಮಾನ್ಯವಾಗಿ ನಾಲ್ಕನೆಯ ಹಂತದಲ್ಲಿದ್ದರೆ, ಪಂಪಿಗೆ ಸೋಂಕು ತಗುಲಿದವರು ನಿಗದಿತ ಷರತ್ತುಗಳ ಮೇಲೆ ಮೂರನೆಯ ಹಂತಕ್ಕೆ ಏರುತ್ತಾರೆ. ಕರ್ನಾಟಕದಲ್ಲಿ ಅಂಗಾಂಗ ಹಂಚಿಕೆಯನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. ರೋಗಿಯ ಸ್ಥಿತಿ ಬದಲಾದಾಗ ಆ ಮಾಹಿತಿ ನೋಂದಣಿಗೆ ಸೇರಿದೆಯೇ ಎಂದು ನಿಮ್ಮ ಆಸ್ಪತ್ರೆಯ ಕಸಿ ಸಂಯೋಜಕರನ್ನು ವಿಚಾರಿಸಿ. ರಕ್ತದಲ್ಲಿ ನಂಜು ಏರಿ ರಕ್ತದೊತ್ತಡ ಕುಸಿದಿರುವಾಗ, ಬೇರೆ ಅಂಗಗಳು ಸೋಲುತ್ತಿರುವಾಗ ಮಾತ್ರ ಹೆಸರನ್ನು ತಾತ್ಕಾಲಿಕವಾಗಿ ತಡೆಹಿಡಿಯುತ್ತಾರೆ, ಏಕೆಂದರೆ ಕಸಿಯ ಬಳಿಕ ಕೊಡುವ ಔಷಧಿಗಳು ಮೈಯ ರೋಗನಿರೋಧಕ ಬಲವನ್ನೇ ತಗ್ಗಿಸುತ್ತವೆ. ರಕ್ತ ಶುದ್ಧವಾಗಿದೆ ಎಂದು ಕಲ್ಚರ್ ಹೇಳಿ, ರೋಗಿ ಚೇತರಿಸಿಕೊಂಡ ಮೇಲೆ ಹೆಸರು ಮತ್ತೆ ಸಕ್ರಿಯವಾಗುತ್ತದೆ.

ಕಾಯುವ ಅವಧಿಯಲ್ಲಿ ರಕ್ತ ಹಾಕಿಸುವ ಪ್ರಸಂಗ ಬಂದರೆ ಅದು ನಿಜಕ್ಕೂ ಅನಿವಾರ್ಯವೇ ಎಂದು ಕೇಳಿ. ಪರರ ರಕ್ತದಿಂದ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳು ಹೊಂದುವ ಹೃದಯಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತವೆ. ಹಾಕಲೇಬೇಕಾದರೆ ಬಿಳಿ ರಕ್ತಕಣ ತೆಗೆದ ರಕ್ತ ಮೇಲು. ಗುಪ್ತ ಕ್ಷಯದ ಪರೀಕ್ಷೆ ಮತ್ತು ಬೇಕಾದ ಲಸಿಕೆಗಳನ್ನೂ ಇದೇ ಅವಧಿಯಲ್ಲಿ ಮುಗಿಸಿಕೊಳ್ಳಬೇಕು.

ಕರೆ ಬಂದ ರಾತ್ರಿ ಒಯ್ಯಬೇಕಾದ ಕಡತದಲ್ಲಿ ಈವರೆಗಿನ ಎಲ್ಲ ಕಲ್ಚರ್ ವರದಿಗಳೂ ದಿನಾಂಕದ ಕ್ರಮದಲ್ಲಿರಲಿ. ದಾನಿಯ ದೇಹದಿಂದ ತೆಗೆದ ಹೃದಯವನ್ನು ಸುಮಾರು ನಾಲ್ಕು ಗಂಟೆಯೊಳಗೆ ಕೂರಿಸುವುದು ಉತ್ತಮ. ಸೋಂಕಿನಿಂದ ಅಂಟಿಕೊಂಡ ಎದೆಯನ್ನು ಬಿಡಿಸಲು ಶಸ್ತ್ರಚಿಕಿತ್ಸಕರಿಗೆ ಹೆಚ್ಚು ಸಮಯ ಬೇಕಾಗುವುದರಿಂದ ನೀವು ತಡಮಾಡದೆ ಹೊರಡಬೇಕು. ಆ ದಿನ ಯಾವ ಆಂಟಿಬಯಾಟಿಕ್ ಕೊಡಬೇಕೆಂಬುದು ನಿಮ್ಮ ಕಡತದ ಕೊನೆಯ ವರದಿಯಿಂದ ನಿರ್ಧಾರವಾಗುತ್ತದೆ. ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲೇ ಹೇಳಿ; ಅದು ಹೊಸ ಹೃದಯವನ್ನು ಕಾಪಾಡುವ ಟ್ಯಾಕ್ರೊಲಿಮಸ್‌ನ ಮಟ್ಟವನ್ನು ರಕ್ತದಲ್ಲಿ ಇಳಿಸುತ್ತದೆ.

ಹೊರತೆಗೆದ ಪಂಪು ಮತ್ತು ತಂತಿಯನ್ನು ಕಲ್ಚರ್‌ಗೆ ಕಳಿಸುತ್ತಾರೆ. ಆ ವರದಿಯನ್ನು ಕೇಳಿ ಪಡೆಯಿರಿ, ಏಕೆಂದರೆ ಕಸಿಯ ನಂತರ ಆಂಟಿಬಯಾಟಿಕ್ ಎರಡು ವಾರ ಸಾಕೇ, ಆರು ವಾರ ಬೇಕೇ ಎಂಬುದು ಬಹುಮಟ್ಟಿಗೆ ಅದರ ಮೇಲೆ ನಿಂತಿದೆ. ತಂತಿ ಇದ್ದ ರಂಧ್ರವನ್ನು ಹಲವು ಸಲ ಹೊಲಿಯದೆ, ಒಳಗಿನಿಂದಲೇ ತುಂಬಿಕೊಂಡು ಬರಲೆಂದು ತೆರೆದೇ ಬಿಟ್ಟಿರುತ್ತಾರೆ. ಮನೆಗೆ ಮರಳಿದ ಮೇಲೂ ಕೆಲವು ವಾರ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಕೈ ತೊಳೆದು ಅದೇ ಕ್ರಮದಲ್ಲಿ ಡ್ರೆಸ್ಸಿಂಗ್ ಮಾಡಬೇಕು. ವ್ಯತ್ಯಾಸವಿಷ್ಟೇ, ಈಗ ಅಲುಗದಂತೆ ಹಿಡಿದುಕೊಳ್ಳಲು ಅಲ್ಲಿ ತಂತಿ ಇರುವುದಿಲ್ಲ.